ಲಿಟ್ಮಸ್ ಕಾಗದ: ನಿಂಬೆರಸದಲ್ಲಿ ಕೈ ಪಳಗಿಸಿ ಬೋರ್ಡೋ ಡ್ರಮ್ಮಿನಲ್ಲಿ ಬಳಸುವ ಕ್ರಮ

ಮುಂಗಾರು ಹಿಡಿಯುವ ಮೊದಲು ಅಡಿಕೆ ತೋಟಕ್ಕೆ ಕೊಳೆರೋಗದ ಔಷಧಿ ಹೊಡೆಸುವ ಮನೆಗಳಲ್ಲಿ ಪ್ರತಿವರ್ಷವೂ ಒಂದು ಪ್ರಶ್ನೆ ಏಳುತ್ತದೆ: ಮೈಲುತುತ್ತು (ತಾಮ್ರದ ಸಲ್ಫೇಟ್) ಮತ್ತು ಸುಣ್ಣ ಸೇರಿಸಿ ಡ್ರಮ್ಮಿನಲ್ಲಿ ಕಲಸಿಟ್ಟಿರುವ ಬೋರ್ಡೋ ದ್ರಾವಣಕ್ಕೆ ಸುಣ್ಣ ಸಾಕಾಗಿದೆಯೇ, ಇನ್ನೂ ಬೇಕೇ? ಕಣ್ಣಂದಾಜಿಗೆ ಎಲ್ಲ ದ್ರಾವಣವೂ ಒಂದೇ ತಿಳಿನೀಲಿ. ನಾಲಿಗೆಗೆ ಮುಟ್ಟಿಸಿ ನೋಡುವ ವಸ್ತುವಂತೂ ಅದಲ್ಲ. ಈ ಪ್ರಶ್ನೆಗೆ ಅರ್ಧ ನಿಮಿಷದಲ್ಲಿ ಉತ್ತರ ಕೊಡುವ ಅಗ್ಗದ ಸಾಧನವೆಂದರೆ ಲಿಟ್ಮಸ್ ಕಾಗದ. ನಮ್ಮಲ್ಲಿ ಹೆಚ್ಚಿನವರು ಅದನ್ನು ಶಾಲೆಯಲ್ಲಿ ನೋಡಿದ್ದಾರೆ. ಆಮ್ಲವು ನೀಲಿ ಲಿಟ್ಮಸ್ಸನ್ನು ಕೆಂಪಾಗಿಸುತ್ತದೆ, ಪ್ರತ್ಯಾಮ್ಲವು ಕೆಂಪು ಲಿಟ್ಮಸ್ಸನ್ನು ನೀಲಿಯಾಗಿಸುತ್ತದೆ ಎಂಬ ವಾಕ್ಯವನ್ನು ಪರೀಕ್ಷೆಗೆಂದು ಬಾಯಿಪಾಠ ಮಾಡಿಯೂ ಇದ್ದಾರೆ. ವಾಕ್ಯ ಸರಿಯಾಗಿಯೇ ಇದೆ. ಆದರೆ ಕಾಗದವನ್ನು ಕೈಯಲ್ಲಿ ಹಿಡಿದಾಗ ಆಗುವ ತಪ್ಪುಗಳನ್ನು ಅದು ಹೇಳಿಕೊಡುವುದಿಲ್ಲ. ನಾನು ಕಂಡಂತೆ ಆ ತಪ್ಪುಗಳಲ್ಲಿ ಹೆಚ್ಚಿನವು ಒಂದೇ ಬೇರಿನವು: ಪಟ್ಟಿಯ ಮೇಲೆ ಕಾಣುತ್ತಿರುವ ಬಣ್ಣ ಲಿಟ್ಮಸ್ಸಿನದೋ ಬೇರೆ ಯಾವುದರದೋ ಎಂದು ವಿಚಾರಿಸದೆ ತೀರ್ಪು ಕೊಟ್ಟುಬಿಡುವುದು. ಆದ್ದರಿಂದ ಮೊದಲು ಅಡುಗೆಮನೆಯ ಪದಾರ್ಥಗಳಲ್ಲಿ ಕೈ ಪಳಗಿಸಿಕೊಂಡು ಅನಂತರ ಡ್ರಮ್ಮಿನ ಬಳಿಗೆ ಹೋಗುವ ಕ್ರಮವನ್ನು ಇಲ್ಲಿ ವಿವರಿಸಿದ್ದೇನೆ.

ಕಾಗದ ಏನು ಹೇಳುತ್ತದೆ, ಏನು ಹೇಳುವುದಿಲ್ಲ

ಲಿಟ್ಮಸ್ ಎಂಬುದು ಕಲ್ಲುಹೂವಿನಿಂದ ತೆಗೆದ ಬಣ್ಣ. ಸಮುದ್ರತೀರದ ಬಂಡೆಗಳ ಮೇಲೆ ಬೆಳೆಯುವ ರೊಸೆಲ್ಲಾ ಕುಲದ ಕಲ್ಲುಹೂವುಗಳನ್ನು ಅಮೋನಿಯ, ಪೊಟ್ಯಾಷ್ ಮತ್ತು ಸುಣ್ಣದೊಡನೆ ವಾರಗಟ್ಟಲೆ ಕೊಳೆಯಿಸಿ ಅದನ್ನು ತಯಾರಿಸುತ್ತಿದ್ದರು. ಆ ಉದ್ಯಮ ಬಹುಕಾಲ ಹಾಲೆಂಡಿನವರ ಕೈಯಲ್ಲಿತ್ತು. ನಮ್ಮ ಮಸಾಲೆ ಡಬ್ಬಿಯಲ್ಲಿರುವ ಕಲ್ಲುಹೂವು ಬೇರೆ ಕುಲದ್ದು, ಅದನ್ನು ಅರೆದು ಪ್ರಯತ್ನಿಸುವುದು ಬೇಡ. ಸಸ್ಯಗಳ ಬಣ್ಣ ಆಮ್ಲಕ್ಕೆ ಒಂದು ಬಗೆಯಾಗಿಯೂ ಪ್ರತ್ಯಾಮ್ಲಕ್ಕೆ (ಕ್ಷಾರಕ್ಕೆ) ಇನ್ನೊಂದು ಬಗೆಯಾಗಿಯೂ ತಿರುಗುವುದನ್ನು ಪರೀಕ್ಷೆಯ ವಿಧಾನವಾಗಿ ವಿಜ್ಞಾನಿ ರಾಬರ್ಟ್ ಬಾಯ್ಲ್ 1664ರಲ್ಲಿ ವಿವರಿಸಿದನು. ವಿದ್ಯೆ ನಮಗೂ ಹೊಸದಲ್ಲ. ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಹಾಕಿ ಕೆಂಪು ಆರತಿ ಮಾಡುವ ಪ್ರತಿಯೊಂದು ಮನೆಯಲ್ಲೂ ನಡೆಯುವುದು ಇಂಥದೇ ಬಣ್ಣದ ತಿರುವು. ಅರಿಶಿನ ಪ್ರತ್ಯಾಮ್ಲಕ್ಕೆ ಕೆಂಪಾಗುತ್ತದೆ, ಆಮ್ಲಕ್ಕೆ ಹಳದಿಯಾಗಿಯೇ ಉಳಿಯುತ್ತದೆ.

ಆಮ್ಲತೆಯನ್ನು ಅಂಕಿಯಲ್ಲಿ ಹೇಳುವ ಪಿಎಚ್ ಮಾನವನ್ನು ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ರಸಾಯನಶಾಸ್ತ್ರಜ್ಞ ಸೋರೆನ್ಸೆನ್ 1909ರಲ್ಲಿ ರೂಪಿಸಿದನು. ಅದರಲ್ಲಿ 7 ತಟಸ್ಥ. ಕೆಳಗಿಳಿದಂತೆ ಆಮ್ಲತೆ, ಮೇಲೇರಿದಂತೆ ಪ್ರತ್ಯಾಮ್ಲತೆ ಹೆಚ್ಚು. ಒಂದೊಂದು ಅಂಕಿಯ ಅಂತರಕ್ಕೂ ಹತ್ತು ಪಟ್ಟು ವ್ಯತ್ಯಾಸ. ಲಿಟ್ಮಸ್ ಸುಮಾರು 4.5ಕ್ಕಿಂತ ಕೆಳಗೆ ಸ್ಪಷ್ಟವಾಗಿ ಕೆಂಪು, ಸುಮಾರು 8.3ಕ್ಕಿಂತ ಮೇಲೆ ಸ್ಪಷ್ಟವಾಗಿ ನೀಲಿ. ನಡುವಿನ ವಲಯದಲ್ಲಿ ಅದು ನೇರಳೆಯತ್ತ ವಾಲುತ್ತಾ ಎರಡೂ ಕಡೆ ತೂಗಾಡುತ್ತದೆ. ಈ ನಡುವಿನ ವಲಯ ಎಷ್ಟು ಅಗಲವೆಂಬುದನ್ನು ಬಳಸುವವರು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಸುಮಾರು 6.6 ಪಿಎಚ್‌ನ ಹಸಿ ಹಾಲು, ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು 5.6ರ ಆಸುಪಾಸಿಗೆ ಬಂದಿರುವ ಶುದ್ಧ ಮಳೆನೀರು, ಇವೆರಡೂ ಲೆಕ್ಕಕ್ಕೆ ಆಮ್ಲೀಯವೇ ಆಗಿದ್ದರೂ ಲಿಟ್ಮಸ್ ಅವುಗಳ ಬಗ್ಗೆ ಗಟ್ಟಿಯಾಗಿ ಏನೂ ಹೇಳುವುದಿಲ್ಲ. ಹಾಗೆಯೇ ನಿಂಬೆರಸಕ್ಕೂ ಬ್ಯಾಟರಿಯ ಆಸಿಡ್‌ಗೂ ಕಾಗದ ಒಂದೇ ರೀತಿ ಕೆಂಪಾಗುತ್ತದೆ. ಯಾವ ಪಕ್ಷ ಎಂಬುದನ್ನಷ್ಟೇ ಅದು ಹೇಳಬಲ್ಲದು. ಎಷ್ಟು ಪ್ರಬಲ, ಯಾವ ಆಮ್ಲ ಎಂಬುದನ್ನು ಅದರಿಂದ ಕೇಳಬಾರದು.

ಆರಂಭಿಸುವ ಮುನ್ನ

ಲಿಟ್ಮಸ್ ಕಾಗದ ಚಿಕ್ಕ ಪುಸ್ತಕದಂತೆ ಹೊಲಿದ ಪಟ್ಟಿಗಳಾಗಿಯೋ ಪುಟ್ಟ ಡಬ್ಬಿಯಲ್ಲಿಟ್ಟ ಬಿಡಿ ಪಟ್ಟಿಗಳಾಗಿಯೋ ಸಿಗುತ್ತದೆ. ಪ್ರಯೋಗಾಲಯದ ಸಾಮಾನು ಮಾರುವ ಅಂಗಡಿಗಳಲ್ಲಿ ಕೇಳಬಹುದು. ಅಡಿಕೆ ಸೀಮೆಯಲ್ಲಾದರೆ ಮೈಲುತುತ್ತು ಮಾರುವವರ ಬಳಿಯೂ ಕೆಲವೊಮ್ಮೆ ಇರುತ್ತದೆ. ನೀಲಿ ಮತ್ತು ಕೆಂಪು ಎರಡನ್ನೂ ಕೊಳ್ಳಬೇಕು. ಒಂದೇ ಸಾಲದೇ ಎಂದು ಕೇಳುವವರಿದ್ದಾರೆ, ಸಾಲದು. ನೀಲಿ ಪಟ್ಟಿ ನೀಲಿಯಾಗಿಯೇ ಉಳಿದರೆ ದ್ರವ ಆಮ್ಲವಲ್ಲ ಎಂದಷ್ಟೇ ತಿಳಿಯುತ್ತದೆ. ಅದು ತಟಸ್ಥವೋ ಪ್ರತ್ಯಾಮ್ಲವೋ ತಿಳಿಯಲು ಕೆಂಪು ಪಟ್ಟಿ ಬೇಕು. ಕೆಂಪು ಪಟ್ಟಿ ಕೆಂಪಾಗಿಯೇ ಉಳಿದಾಗಲೂ ಇದೇ ಕಥೆ, ತಿರುವುಮುರುವಾಗಿ. ಎರಡೂ ಬದಲಾಗದಿದ್ದರೆ ಮಾತ್ರ ದ್ರವ ನಡುವಿನ ವಲಯದಲ್ಲಿದೆ ಎನ್ನಬಹುದು.

ಇವಲ್ಲದೆ ಒಂದು ಬಿಳಿ ಪಿಂಗಾಣಿ ತಟ್ಟೆ, ಒಂದು ಚಿಮಟ, ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರಿನ ಒಂದು ಬಾಟಲಿ, ಬಿಳಿಯ ಫಿಲ್ಟರ್ ಕಾಗದ ಅಥವಾ ಒತ್ತುಕಾಗದದ ಕೆಲವು ಚೂರುಗಳು ಬೇಕು. ಬ್ಯಾಟರಿ ಅಂಗಡಿಯಲ್ಲಿ ನೀರಿನ ಬಾಟಲಿಯ ಪಕ್ಕದಲ್ಲೇ ಆಸಿಡ್ ಬಾಟಲಿಯೂ ಇರುತ್ತದಾದ್ದರಿಂದ ಕೇಳಿ, ಓದಿ, ತೆಗೆದುಕೊಳ್ಳಬೇಕು. ಗಾಜಿನ ಕಡ್ಡಿ ಇದ್ದರೆ ಒಳ್ಳೆಯದು. ಇಲ್ಲವಾದರೆ ತೆಂಗಿನ ಗರಿಯ ಕಡ್ಡಿಯನ್ನು ತೊಳೆದು ಒಣಗಿಸಿ ಬೆರಳುದ್ದದ ತುಂಡುಗಳಾಗಿ ಮಾಡಿಟ್ಟುಕೊಂಡರೆ ಒಂದು ಪರೀಕ್ಷೆಗೆ ಒಂದು ತುಂಡಿನಂತೆ ಬಳಸಿ ಎಸೆಯಬಹುದು. ಗಾಜಿನ ಕಡ್ಡಿಯನ್ನು ಪ್ರತಿಸಲ ತೊಳೆಯುವ ತಾಳ್ಮೆ ಮೂರನೆಯ ಪರೀಕ್ಷೆಯ ಹೊತ್ತಿಗೆ ಮುಗಿದಿರುತ್ತದೆ, ಹಾಗಾಗಿ ನನಗೆ ಗರಿಕಡ್ಡಿಯೇ ಹಿತ.

ಕೈಗಳ ಬಗ್ಗೆ ಪ್ರತ್ಯೇಕವಾಗಿ ಹೇಳಲೇಬೇಕು. ಒಂದು ವರ್ಷ ಜೂನ್ ಮೊದಲ ವಾರದಲ್ಲಿ, ಮಳೆಯ ಎರಡು ಹೊಡೆತಗಳ ನಡುವೆ ಸಿಕ್ಕ ಬಿಸಿಲಿನಲ್ಲಿ ಅವಸರದಿಂದ ಡ್ರಮ್ಮಿನ ದ್ರಾವಣ ನೋಡಲು ಹೋದೆ. ಕೆಂಪು ಪಟ್ಟಿ ನೀಲಿಯಾಯಿತು. ಸಂತೋಷವಾಯಿತು. ಸುಮ್ಮನೆ ಇರಲಿ ಎಂದು ಇನ್ನೊಂದು ಪಟ್ಟಿಯನ್ನು ಬಾವಿಯ ನೀರಿಗೆ ಹಾಕಿದರೆ ಅದೂ ನೀಲಿಯಾಯಿತು! ಮೂರನೆಯದಕ್ಕೆ ನೀರನ್ನೇ ಮುಟ್ಟಿಸಿರಲಿಲ್ಲ, ಬೆವರಿನ ಒದ್ದೆಗೇ ಅದರ ತುದಿಯಲ್ಲಿ ನೀಲಿ ಕಲೆ ಮೂಡಿತ್ತು. ಕಲೆಯ ಆಕಾರ ನೋಡಿದರೆ ನನ್ನ ತೋರುಬೆರಳಿನದೇ. ಹತ್ತು ನಿಮಿಷದ ಹಿಂದೆ ವೀಳ್ಯದೆಲೆಗೆ ಸುಣ್ಣ ಹಚ್ಚಿದ್ದೆ. ಎಲೆಯಡಿಕೆ ಹಾಕುವ ಊರಿನಲ್ಲಿ ಲಿಟ್ಮಸ್ ಬಳಸುವವರಿಗೆ ಇದಕ್ಕಿಂತ ಸಾಮಾನ್ಯವಾದ ತಪ್ಪು ಇರಲಾರದು. ಆದ್ದರಿಂದ ಕೈಯನ್ನು ಸೋಪಿನಿಂದ ತೊಳೆದು, ಸೋಪಿನ ಜಿಗುಟೂ ಉಳಿಯದಂತೆ ಹಲವು ಸಲ ನೀರಿನಲ್ಲಿ ಜಾಲಿಸಿ, ಪೂರ್ತಿ ಒರೆಸಿಕೊಂಡು, ಪಟ್ಟಿಯನ್ನು ಚಿಮಟದಲ್ಲಿಯೇ ಹಿಡಿಯಬೇಕು. ಸೋಪು ಕೂಡ ಪ್ರತ್ಯಾಮ್ಲವೇ ಎಂಬುದನ್ನು ಮರೆಯುವಂತಿಲ್ಲ.

ಮೊದಲ ಸುತ್ತು: ಉತ್ತರ ಗೊತ್ತಿರುವ ದ್ರವಗಳು

ಉತ್ತರ ಗೊತ್ತಿಲ್ಲದ ದ್ರವವನ್ನು ಪರೀಕ್ಷಿಸುವ ಮೊದಲು ಗೊತ್ತಿರುವ ಎರಡನ್ನು ಪರೀಕ್ಷಿಸಬೇಕು. ಒಂದು, ನಿಂಬೆರಸ. ಇನ್ನೊಂದು, ಸುಣ್ಣದ ತಿಳಿನೀರು. ಚಿಟಿಕೆ ಸುಣ್ಣವನ್ನು ಒಂದು ಲೋಟ ನೀರಿನಲ್ಲಿ ಕದಡಿ, ಅರ್ಧ ಗಂಟೆ ಬಿಟ್ಟು, ಮೇಲಿನ ತಿಳಿಯನ್ನು ಬಸಿದುಕೊಳ್ಳಬೇಕು. ಈ ಎರಡು ಪರೀಕ್ಷೆಗಳಿಂದ ಕಾಗದ ಕೆಟ್ಟಿದೆಯೇ ಎಂಬುದೂ ಗೊತ್ತಾಗುತ್ತದೆ, ನಿಜವಾದ ಕೆಂಪು ಮತ್ತು ನಿಜವಾದ ನೀಲಿ ಹೇಗಿರುತ್ತವೆ ಎಂಬುದಕ್ಕೆ ಕಣ್ಣೂ ಹದಗೊಳ್ಳುತ್ತದೆ. ಆ ಪಟ್ಟಿಗಳನ್ನು ಎಸೆಯದೆ ತಟ್ಟೆಯ ಅಂಚಿನಲ್ಲಿಟ್ಟುಕೊಂಡು ಮುಂದಿನವನ್ನು ಅವುಗಳ ಪಕ್ಕದಲ್ಲಿಟ್ಟು ಹೋಲಿಸಬೇಕು.

ಪರೀಕ್ಷೆಯ ವಿಧಾನ ಸರಳವಾಗಿದೆ. ಪಟ್ಟಿಯನ್ನು ಅಡ್ಡಲಾಗಿ ಎರಡು ತುಂಡು ಮಾಡಿ, ಒಂದು ತುಂಡನ್ನು ಬಿಳಿ ತಟ್ಟೆಯ ಮೇಲಿಟ್ಟು, ಕಡ್ಡಿಯ ತುದಿಯನ್ನು ದ್ರವದಲ್ಲಿ ಅದ್ದಿ ತೆಗೆದು ಒಂದೇ ಒಂದು ಹನಿಯನ್ನು ಪಟ್ಟಿಯ ಒಂದು ತುದಿಗೆ ಮುಟ್ಟಿಸಬೇಕು. ಪಟ್ಟಿಯನ್ನೇ ದ್ರವದಲ್ಲಿ ಮುಳುಗಿಸಿ ಅಲ್ಲಾಡಿಸುವ ರೂಢಿ ಒಳ್ಳೆಯದಲ್ಲ. ಹಾಗೆ ಮಾಡಿದರೆ ಕಾಗದದ ಬಣ್ಣ ದ್ರವಕ್ಕೆ ಬಿಟ್ಟುಕೊಂಡು ಪಟ್ಟಿ ಪೇಲವವಾಗುತ್ತದೆ, ದ್ರವವೂ ಕಲುಷಿತವಾಗುತ್ತದೆ. ಹನಿ ಬಿದ್ದ ಜಾಗದ ಬಣ್ಣವನ್ನು ಪಕ್ಕದ ಒಣ ಜಾಗದ ಬಣ್ಣದೊಡನೆ ಕೆಲವು ಸೆಕೆಂಡುಗಳೊಳಗೆ ಹೋಲಿಸಿ ನೋಡಬೇಕು. ಒದ್ದೆಯಾದ ಕಾಗದ ಹೇಗೂ ಸ್ವಲ್ಪ ಗಾಢವಾಗಿ ಕಾಣುತ್ತದೆ. ಆ ಗಾಢತೆಯನ್ನು ಬಣ್ಣದ ಬದಲಾವಣೆಯೆಂದು ಎಣಿಸಬಾರದು. ಅನುಮಾನವಿದ್ದರೆ ಪಟ್ಟಿಯ ಇನ್ನೊಂದು ತುದಿಗೆ ಡಿಸ್ಟಿಲ್ಡ್ ನೀರಿನ ಹನಿ ಹಾಕಿ ಎರಡು ಒದ್ದೆಗಳನ್ನು ಅಕ್ಕಪಕ್ಕದಲ್ಲಿ ನೋಡಬಹುದು. ಹಗಲು ಬೆಳಕಿನಲ್ಲಿ ನೋಡುವುದು ಮುಖ್ಯ, ಹಳದಿ ಬಲ್ಬಿನ ಕೆಳಗೆ ನೇರಳೆಯೆಲ್ಲ ಕೆಂಪಾಗಿ ಕಾಣುತ್ತದೆ.

ಈಗ ಅಡುಗೆಮನೆಯ ಸಾಲು. ಹುಣಸೆಹಣ್ಣು ನೆನೆಸಿದ ನೀರು, ವಿನೆಗರ್, ಹುಳಿ ಬಂದ ಮೊಸರಿನ ತಿಳಿ ಇವೆಲ್ಲ ನೀಲಿ ಪಟ್ಟಿಯನ್ನು ತಡಮಾಡದೆ ಕೆಂಪಾಗಿಸುತ್ತವೆ. ಬಟ್ಟೆ ಒಗೆಯುವ ಸೋಡಾ ಮತ್ತು ಬಾರ್ ಸೋಪಿನ ನೀರು ಕೆಂಪು ಪಟ್ಟಿಯನ್ನು ಅಷ್ಟೇ ಬೇಗ ನೀಲಿಯಾಗಿಸುತ್ತವೆ. ಅಡುಗೆ ಸೋಡಾದ್ದು ಬೇರೆ ಸ್ವಭಾವ. ಅದರ ದ್ರಾವಣದ ಪಿಎಚ್ 8.3ರ ಸುಮಾರಿಗೇ ಇರುವುದರಿಂದ ಕೆಂಪು ಪಟ್ಟಿ ಹಿಂಜರಿಯುತ್ತಾ ನೇರಳೆಗೆ, ಆಮೇಲೆ ಮಬ್ಬು ನೀಲಿಗೆ ಬರುತ್ತದೆ. ಗಡಿಯಲ್ಲಿರುವ ದ್ರವ ಹೇಗೆ ಕಾಣುತ್ತದೆಂದು ತಿಳಿಯಲು ಇದಕ್ಕಿಂತ ಒಳ್ಳೆಯ ಪಾಠವಿಲ್ಲ. ಉಪ್ಪಿನ ನೀರಿಗೆ ಎರಡೂ ಪಟ್ಟಿಗಳು ಜಗ್ಗುವುದಿಲ್ಲ. ಉಪ್ಪು ಲವಣವಾದ್ದರಿಂದ ತಟಸ್ಥ, ಆದ್ದರಿಂದ ಲವಣಗಳೆಲ್ಲ ತಟಸ್ಥ ಎಂದು ನಿರ್ಣಯಿಸುವ ಮೊದಲು ಪಟಿಕವನ್ನು ನೀರಿನಲ್ಲಿ ಕರಗಿಸಿ ನೋಡಬೇಕು. ಪಟಿಕವೂ ಲವಣವೇ, ಆದರೂ ನೀಲಿ ಪಟ್ಟಿಯನ್ನು ಕೆಂಪಾಗಿಸುತ್ತದೆ. ಬಟ್ಟೆಸೋಡಾ ಕೂಡ ಲವಣವೇ. ಮೈಲುತುತ್ತು ಪಟಿಕದಂತೆ ಆಮ್ಲೀಯ ಲವಣಗಳ ಗುಂಪಿಗೆ ಸೇರಿದ್ದು. ಈ ಮಾತು ಮುಂದೆ ಬೇಕಾಗುತ್ತದೆ.

ಒಣ ಪುಡಿಯ ಮೇಲೆ ಒಣ ಕಾಗದ ಇಟ್ಟರೆ ಏನೂ ಆಗುವುದಿಲ್ಲ, ಏಕೆಂದರೆ ಆಮ್ಲತೆಯೂ ಪ್ರತ್ಯಾಮ್ಲತೆಯೂ ತೋರಿಬರಲು ನೀರು ಬೇಕೇ ಬೇಕು. ಎಣ್ಣೆಯನ್ನು ಪರೀಕ್ಷಿಸುವುದೂ ವ್ಯರ್ಥ. ಇನ್ನು ಬ್ಲೀಚಿಂಗ್ ಪುಡಿಯ ನೀರು ಹಾಕಿದಾಗ ಪಟ್ಟಿ ಒಂದು ಕ್ಷಣ ನೀಲಿಯಾಗಿ ಅನಂತರ ಬಿಳಿಚಿಕೊಳ್ಳುತ್ತದೆ. ಅಲ್ಲಿ ಬಣ್ಣವೇ ನಾಶವಾಗಿರುವುದರಿಂದ ಬಿಳಿಚಿದ ಪಟ್ಟಿಯಿಂದ ಯಾವ ತೀರ್ಮಾನಕ್ಕೂ ಬರಬಾರದು. ಈ ಹುರುಪಿನಲ್ಲಿ ಶೌಚಾಲಯ ತೊಳೆಯುವ ಆಸಿಡ್ ಮತ್ತು ಬ್ಲೀಚಿಂಗ್ ಪುಡಿಯನ್ನು ಒಂದೇ ಪಾತ್ರೆಗೆ ತರಕೂಡದು. ಅವೆರಡೂ ಕೂಡಿದರೆ ಉಸಿರಿಗೆ ಅಪಾಯಕಾರಿಯಾದ ಕ್ಲೋರಿನ್ ಅನಿಲ ಏಳುತ್ತದೆ.

ದ್ರವಕ್ಕೇ ಬಣ್ಣವಿದ್ದಾಗ

ಬೀಟ್‌ರೂಟಿನ ರಸವನ್ನು ನೀಲಿ ಪಟ್ಟಿಗೆ ಹಚ್ಚಿದರೆ ಪಟ್ಟಿ ಕೆಂಪಾಗಿ ಕಾಣುತ್ತದೆ. ಪುನರ್ಪುಳಿಯ (ಕೋಕಮ್ ಹಣ್ಣಿನ) ರಸವನ್ನು ಹಚ್ಚಿದರೂ ಕೆಂಪಾಗಿಯೇ ಕಾಣುತ್ತದೆ. ಎರಡನೆಯದು ನಿಜವಾಗಿ ಹುಳಿ, ಮೊದಲನೆಯದು ತಟಸ್ಥಕ್ಕೆ ಹತ್ತಿರದ್ದು. ಕಾಗದದ ಮೇಲೆ ಇಬ್ಬರ ಸಾಕ್ಷ್ಯವೂ ಒಂದೇ ರೀತಿ ಇರುವಾಗ ಯಾರನ್ನು ನಂಬುವುದು?

ಇದಕ್ಕೆ ಎರಡು ಉಪಾಯಗಳಿವೆ. ಒಂದು ಬಿಳಿ ಸಾಕ್ಷಿಪಟ್ಟಿ. ಲಿಟ್ಮಸ್ ಪಟ್ಟಿಯ ಪಕ್ಕದಲ್ಲಿ ಅಷ್ಟೇ ಅಗಲದ ಬಿಳಿ ಫಿಲ್ಟರ್ ಕಾಗದದ ತುಂಡನ್ನಿಟ್ಟು ಅದಕ್ಕೂ ಅದೇ ದ್ರವದ ಒಂದು ಹನಿ ಹಾಕಬೇಕು. ಬಿಳಿ ಕಾಗದದ ಮೇಲೆ ಮೂಡಿದ ಬಣ್ಣ ದ್ರವದ ಸ್ವಂತದ್ದು. ಲಿಟ್ಮಸ್ ಪಟ್ಟಿಯ ಮೇಲೆ ಅದನ್ನು ಮೀರಿದ ಬದಲಾವಣೆಯೇನಾದರೂ ಇದ್ದರೆ ಅಷ್ಟು ಮಾತ್ರ ಲಿಟ್ಮಸ್ಸಿನದು. ಬಿಳಿ ಪಟ್ಟಿಯೂ ಅಷ್ಟೇ ಕೆಂಪಾಗಿದ್ದರೆ ಪರೀಕ್ಷೆ ನಡೆದೇ ಇಲ್ಲ ಎಂದು ತಿಳಿಯಬೇಕು. ಎರಡನೆಯದು ದ್ರವವನ್ನು ತೆಳುವಾಗಿಸುವುದು. ಒಂದು ಚಮಚ ರಸಕ್ಕೆ ಒಂಬತ್ತು ಚಮಚ ಡಿಸ್ಟಿಲ್ಡ್ ನೀರು ಸೇರಿಸಿದರೆ ಬಣ್ಣ ಹತ್ತರಲ್ಲೊಂದಕ್ಕೆ ಇಳಿಯುತ್ತದೆ, ಆದರೆ ಪಿಎಚ್ ಹೆಚ್ಚೆಂದರೆ ಒಂದು ಅಂಕಿಯಷ್ಟು ಸರಿಯುತ್ತದೆ. ಪುನರ್ಪುಳಿಯ ಹುಳಿ ಅಷ್ಟಕ್ಕೆಲ್ಲ ಅಡಗುವಂಥದಲ್ಲ, ನೀಲಿ ಪಟ್ಟಿ ಈಗಲೂ ಕೆಂಪಾಗುತ್ತದೆ. ಬೀಟ್‌ರೂಟಿನ ಕೆಂಪು ಮಾತ್ರ ನೀರಿನೊಡನೆ ಕರಗಿಹೋಗುತ್ತದೆ. ಮಕ್ಕಳಿಗೆ ಲಿಟ್ಮಸ್ ಕಲಿಸುವವರು ನಿಂಬೆಹಣ್ಣಿನಲ್ಲೇ ನಿಲ್ಲದೆ ಈ ಜೋಡಿಯನ್ನೂ ಕೊಡಬೇಕೆಂಬುದು ನನ್ನ ಅಭಿಪ್ರಾಯ.

ದ್ರವದಲ್ಲಿ ಕರಗಿದ ಬಣ್ಣಕ್ಕೆ ಈ ಉಪಾಯಗಳು ಸಾಕು. ಕರಗದೆ ತೇಲುತ್ತಿರುವ ಬಣ್ಣದ ಕಣಗಳಿದ್ದರೆ ಬೇರೆ ದಾರಿ ಹಿಡಿಯಬೇಕು. ಅಡಿಕೆ ಬೆಳೆಗಾರರು ಎಡವುವುದು ಅಲ್ಲಿಯೇ.

ಬೋರ್ಡೋ ಡ್ರಮ್ಮಿನ ಮುಂದೆ

ಬೋರ್ಡೋ ದ್ರಾವಣ ಹುಟ್ಟಿದ್ದು ಫ್ರಾನ್ಸಿನ ದ್ರಾಕ್ಷಿ ಸೀಮೆಯಲ್ಲಿ. ಅದು ದ್ರಾಕ್ಷಿಯ ಬೂಜುರೋಗವನ್ನು ತಡೆಯುವುದೆಂದು ಫ್ರೆಂಚ್ ಸಸ್ಯಶಾಸ್ತ್ರಜ್ಞ ಮಿಲಾರ್ಡೆ 1885ರಲ್ಲಿ ಪ್ರಕಟಿಸಿದನು. ಅಡಿಕೆಯ ಕೊಳೆರೋಗಕ್ಕೆ ಕಾರಣವಾದ ಶಿಲೀಂಧ್ರದಂಥ ರೋಗಾಣುವನ್ನು ಅಧ್ಯಯನ ಮಾಡಿ 1910ರಲ್ಲಿ ವಿವರಿಸಿದವನು ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಕೆನಡಾದ ಲೆಸ್ಲಿ ಕೋಲ್ಮನ್. ಗೊನೆಗಳಿಗೆ ಬೋರ್ಡೋ ಹೊಡೆಯುವ ಪದ್ಧತಿ ನಮ್ಮ ಮಲೆನಾಡಿನಲ್ಲಿ ಬೇರೂರಲು ಅವನ ಕೆಲಸ ದೊಡ್ಡ ಕಾರಣ.

ಶೇಕಡಾ ಒಂದರ ದ್ರಾವಣಕ್ಕೆ 1 ಕೆ.ಜಿ. ಮೈಲುತುತ್ತು, 1 ಕೆ.ಜಿ. ಸುಣ್ಣ, ಒಟ್ಟು 100 ಲೀಟರ್ ನೀರು. ಮೈಲುತುತ್ತನ್ನು ಬಟ್ಟೆಯಲ್ಲಿ ಕಟ್ಟಿ, ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ತುಂಬಿದ 50 ಲೀಟರ್ ನೀರಿನ ಮೇಲ್ಮಟ್ಟಕ್ಕೆ ತಾಗುವಂತೆ ಹಿಂದಿನ ರಾತ್ರಿಯೇ ತೂಗುಹಾಕಿದರೆ ಕರಗಿದ ಭಾರದ ದ್ರಾವಣ ತಾನಾಗಿ ಕೆಳಗಿಳಿಯುತ್ತಾ ಬೆಳಗಾಗುವುದರೊಳಗೆ ಎಲ್ಲವೂ ಕರಗಿರುತ್ತದೆ. ಕಬ್ಬಿಣದ ಪಾತ್ರೆ ಕೂಡದು. ಇನ್ನೊಂದು ಪಾತ್ರೆಯಲ್ಲಿ ಸುಣ್ಣವನ್ನು ಅರಳಿಸಿ, ಉಳಿದ ನೀರಿನಲ್ಲಿ ಕದಡಿ, ಬಟ್ಟೆಯಲ್ಲಿ ಸೋಸಿ ಸುಣ್ಣದ ಹಾಲು ಮಾಡಿಕೊಳ್ಳಬೇಕು. ಸುಟ್ಟ ಸುಣ್ಣ ಅರಳುವಾಗ ಕುದಿದು ಸಿಡಿಯುತ್ತದೆ, ಒಂದು ಹನಿ ಸುಣ್ಣ ಕಣ್ಣಿಗೆ ಬಿದ್ದರೂ ದೃಷ್ಟಿಗೆ ಅಪಾಯ. ಕನ್ನಡಕ ಧರಿಸಬೇಕು, ಮಕ್ಕಳನ್ನು ದೂರವಿಡಬೇಕು, ಬಿದ್ದರೆ ತಡಮಾಡದೆ ಧಾರಾಳವಾಗಿ ನೀರಿನಿಂದ ತೊಳೆದು ವೈದ್ಯರ ಬಳಿಗೆ ಹೋಗಬೇಕು. ಅನಂತರ ಮೈಲುತುತ್ತಿನ ದ್ರಾವಣವನ್ನು ಸುಣ್ಣದ ಹಾಲಿಗೆ, ಒಬ್ಬರು ಕೋಲಿನಿಂದ ಕದಡುತ್ತಿರುವಾಗ ಇನ್ನೊಬ್ಬರು, ನಿಧಾನವಾಗಿ ಹೊಯ್ಯಬೇಕು.

ಅಳತೆ ಇಷ್ಟು ಖಚಿತವಾಗಿರುವಾಗ ಪರೀಕ್ಷೆ ಏಕೆ? ರಸಾಯನಶಾಸ್ತ್ರದ ಲೆಕ್ಕದಲ್ಲಿ 1 ಕೆ.ಜಿ. ಮೈಲುತುತ್ತಿಗೆ ಶುದ್ಧವಾದ ಅರಳಿದ ಸುಣ್ಣ ಸುಮಾರು 300 ಗ್ರಾಂ ಇದ್ದರೆ ಸಾಕು. ನಾವು ಹಾಕುವುದು ಅದರ ಮೂರು ಪಟ್ಟಿಗೂ ಹೆಚ್ಚು. ಆದರೆ ನಮಗೆ ಸಿಗುವ ಸುಣ್ಣ ಶುದ್ಧವಾಗಿರುವುದಿಲ್ಲ. ಚೀಲ ಬಿಚ್ಚಿ ಬಹಳ ದಿನವಾದ ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ಸೀಮೆಸುಣ್ಣದಂಥ ನಿಸ್ತೇಜ ಪುಡಿಯಾಗಿರುತ್ತದೆ. ತೂಕದಲ್ಲಿ 1 ಕೆ.ಜಿ. ಇದ್ದರೂ ಕೆಲಸ ಮಾಡುವ ಸುಣ್ಣ ಅದರಲ್ಲಿ ಎಷ್ಟಿದೆಯೆಂದು ತಕ್ಕಡಿ ಹೇಳಲಾರದು. ಸುಣ್ಣ ಕಡಿಮೆಯಾದರೆ ಕರಗಿದ ತಾಮ್ರ ದ್ರಾವಣದಲ್ಲಿ ಉಳಿದು ಎಳೆಯ ಸೋಗೆಯನ್ನೂ ಮಿಡಿಗಾಯಿಯನ್ನೂ ಸುಡುತ್ತದೆ.

ಈಗ ಪರೀಕ್ಷೆ. ಕೆಂಪು ಲಿಟ್ಮಸ್ ಪಟ್ಟಿಯನ್ನು ನೇರವಾಗಿ ಡ್ರಮ್ಮಿಗೆ ಅದ್ದಿ ತೆಗೆದರೆ ಅದು ನೀಲಿಯಾಗಿಯೇ ಬರುತ್ತದೆ. ಬರದೆ ಏನು ಮಾಡೀತು, ದ್ರಾವಣದ ತುಂಬ ತೇಲುತ್ತಿರುವುದೇ ತಾಮ್ರದ ನೀಲಿ ಕಣಗಳು! ಪಟ್ಟಿಗೆ ಅಂಟಿದ ಆ ನೀಲಿಯನ್ನು ಕಂಡು ಸುಣ್ಣ ಸಾಕಾಗಿದೆಯೆಂದು ತೋಟಕ್ಕೆ ಹೊರಟವರನ್ನು ನಾನು ಕಂಡಿದ್ದೇನೆ. ಆದ್ದರಿಂದ ಚೆನ್ನಾಗಿ ಕದಡಿದ ದ್ರಾವಣವನ್ನು ಐದು ನಿಮಿಷ ಬಿಟ್ಟು, ಒಂದು ಗಾಜಿನ ಲೋಟದಲ್ಲಿ ತೆಗೆದುಕೊಂಡು, ನೆರಳಿನಲ್ಲಿಟ್ಟು ತಳಕ್ಕೆ ಇಳಿಯಲು ಬಿಡಬೇಕು. ನೀಲಿ ಗಸಿ ಕೆಳಗೆ ಕೂತು ಮೇಲೆ ಬೆರಳಗಲದಷ್ಟು ತಿಳಿ ನಿಂತ ಮೇಲೆ ಆ ತಿಳಿಯನ್ನು ಮೊದಲು ಕಣ್ಣಿನಿಂದಲೇ ನೋಡಬೇಕು. ಅದು ನೀರಿನಂತೆ ಬಣ್ಣವಿಲ್ಲದೆ ಇದ್ದರೆ ತಾಮ್ರವೆಲ್ಲ ಗಸಿಗೆ ಸೇರಿದೆ. ಬಿಳಿ ತಟ್ಟೆಯ ಮೇಲೆ ಹೊಯ್ದಾಗ ನಸುನೀಲಿ ಕಂಡರೆ ತಾಮ್ರ ಇನ್ನೂ ಕರಗಿ ನಿಂತಿದೆ. ಇದಾದ ಮೇಲೆ ತಿಳಿಯ ಒಂದೊಂದು ಹನಿಯನ್ನು ನೀಲಿ ಪಟ್ಟಿಗೂ ಕೆಂಪು ಪಟ್ಟಿಗೂ ಬಿಳಿ ಸಾಕ್ಷಿಪಟ್ಟಿಗೂ ಹಾಕಬೇಕು. ಗಸಿ ಇಳಿಯುವವರೆಗೆ ಕಾಯುವಷ್ಟು ಹೊತ್ತಿಲ್ಲವೆಂದಾದರೆ ಕದಡಿದ ದ್ರಾವಣದ ಹನಿಯನ್ನು ಪಟ್ಟಿಯ ಮೇಲ್ಮುಖಕ್ಕೆ ಹಾಕಿ, ತಿರುಗಿಸಿ, ಹಿಂಬದಿಯನ್ನು ನೋಡಬಹುದು. ಕಣಗಳು ಮೇಲೆಯೇ ನಿಲ್ಲುತ್ತವೆ, ನೀರು ಮಾತ್ರ ಕಾಗದದ ಮೂಲಕ ಹಿಂದಕ್ಕೆ ಬರುತ್ತದೆ. ಹಿಂಬದಿಯ ಬಣ್ಣ ನಂಬಿಕೆಗೆ ಅರ್ಹ.

ಕೆಂಪು ಪಟ್ಟಿ ನೀಲಿಗೆ ತಿರುಗಿ, ನೀಲಿ ಪಟ್ಟಿ ನೀಲಿಯಾಗಿಯೇ ಇದ್ದು, ಬಿಳಿ ಪಟ್ಟಿ ಬಿಳಿಯಾಗಿಯೇ ಉಳಿದರೆ ದ್ರಾವಣ ಹದವಾಗಿದೆ. ನೀಲಿ ಪಟ್ಟಿ ಕೆಂಪಿನತ್ತ ವಾಲಿದರೆ ಸುಣ್ಣ ಸಾಲದು. ಇಲ್ಲಿ ಒಂದು ಎಚ್ಚರ ಬೇಕು: ಮೈಲುತುತ್ತಿನ ಆಮ್ಲತೆ ನಿಂಬೆರಸದಷ್ಟು ತೀಕ್ಷ್ಣವಲ್ಲ, ಅದಕ್ಕೆ ಅರ್ಧಮರ್ಧ ಸುಣ್ಣ ಬಿದ್ದ ಮೇಲಂತೂ ದ್ರಾವಣ ಲಿಟ್ಮಸ್ಸಿನ ನಡುವಿನ ವಲಯದಲ್ಲೇ ಇರುತ್ತದೆ. ಹಾಗಾಗಿ ಪಟ್ಟಿ ಢಾಳಾಗಿ ಕೆಂಪಾಗಲಿ ಎಂದು ಕಾಯಬಾರದು. ನೀಲಿ ಪಟ್ಟಿ ನೇರಳೆಯಾದರೂ, ಅಥವಾ ಎರಡೂ ಪಟ್ಟಿಗಳು ಸುಮ್ಮನಿದ್ದುಬಿಟ್ಟರೂ, ಸುಣ್ಣ ಇನ್ನೂ ಬೇಕೆಂದೇ ತಿಳಿಯುವುದು ಕ್ಷೇಮ. ಬೇರೆ ಕಡೆ ತಟಸ್ಥವೆನ್ನುವ ಫಲಿತಾಂಶವನ್ನು ಇಲ್ಲಿ ಅನುಮಾನಾಸ್ಪದವೆಂದು ಎಣಿಸಬೇಕು.

ಅನುಮಾನ ನೀಗಲು ಹಿರಿಯರ ಕತ್ತಿಯ ಪರೀಕ್ಷೆ ಇದೆ. ಕಬ್ಬಿಣದ ಕತ್ತಿಯ ಅಲಗನ್ನು ಕಲ್ಲಿಗೆ ಉಜ್ಜಿ ಹೊಳಪು ಬರಿಸಿ ದ್ರಾವಣದಲ್ಲಿ ಒಂದು ನಿಮಿಷ ಹಿಡಿಯಬೇಕು. ತಾಮ್ರ ಕರಗಿ ಉಳಿದಿದ್ದರೆ ಕಬ್ಬಿಣದ ಮೇಲೆ ಕೆಂಗಂದು ಬಣ್ಣದ ತೆಳುಲೇಪ ಕೂರುತ್ತದೆ. ಸ್ಟೀಲ್ ಚಾಕುವಿನಲ್ಲಿ ಈ ಪರೀಕ್ಷೆ ನಂಬಲರ್ಹವಲ್ಲ. ಕತ್ತಿ ಮತ್ತು ಕಾಗದ ಎರಡೂ ಒಂದೇ ಮಾತು ಹೇಳಿದರೆ ನಿಶ್ಚಿಂತೆ. ಬೇರೆಬೇರೆ ಹೇಳಿದರೆ ನಾನು ಕತ್ತಿಯ ಮಾತು ಕೇಳುತ್ತೇನೆ, ಏಕೆಂದರೆ ನಮಗೆ ಹಾನಿ ಮಾಡುವ ತಾಮ್ರವನ್ನೇ ಅದು ನೇರವಾಗಿ ಹಿಡಿದು ತೋರಿಸುತ್ತದೆ. ಸುಣ್ಣ ಸೇರಿಸಬೇಕಾಗಿ ಬಂದರೆ ಬುಟ್ಟಿಗಟ್ಟಲೆ ಸುರಿಯದೆ, ಸೋಸಿದ ಸುಣ್ಣದ ಹಾಲನ್ನು ಒಂದೊಂದು ಚೊಂಬಿನಂತೆ ಹೊಯ್ದು, ಪ್ರತಿಸಲವೂ ಐದು ನಿಮಿಷ ಕದಡಿ, ಹೊಸ ಪಟ್ಟಿಯಲ್ಲಿ ಮತ್ತೆ ನೋಡಬೇಕು. ಸುಣ್ಣ ವಿಪರೀತವಾದರೆ ಪಂಪಿನ ನಾಜಲ್ ಕಟ್ಟಿಕೊಂಡು ಮರದ ಮೇಲಿರುವವರ ಬೈಗುಳ ಕೇಳಬೇಕಾಗುತ್ತದೆ. ಹದವಾದ ದ್ರಾವಣವನ್ನು ಅದೇ ದಿನ ಮುಗಿಸಬೇಕು. ಇಟ್ಟಷ್ಟೂ ಕಣಗಳು ದಪ್ಪಗಾಗಿ ಗೊನೆಗೆ ಅಂಟುವ ಗುಣ ಕಳೆದುಕೊಳ್ಳುತ್ತವೆ.

ಕೆಂಪು ಲಿಟ್ಮಸ್ ಮುಗಿದುಹೋಗಿದ್ದರೆ ಅರಿಶಿನ ಒದಗುತ್ತದೆ. ಅರಿಶಿನದ ನೀರಿನಲ್ಲಿ ಫಿಲ್ಟರ್ ಕಾಗದವನ್ನು ಅದ್ದಿ ನೆರಳಿನಲ್ಲಿ ಒಣಗಿಸಿದ ಪಟ್ಟಿಗೆ ಮೇಲಿನ ತಿಳಿಯ ಹನಿ ಹಾಕಿದಾಗ ಕೆಂಪಗಾದರೆ ಸುಣ್ಣ ಸಾಕಾಗಿದೆ. ಹಳದಿಯಾಗಿ ಉಳಿದರೆ ಸಾಕಾಗಿಲ್ಲ. ನೀಲಿ ಲಿಟ್ಮಸ್ಸಿನ ಕೆಲಸವನ್ನು ಅರಿಶಿನ ಮಾಡಲಾರದು.

ಆವಿ ಮತ್ತು ಮಣ್ಣು

ಅನಿಲವನ್ನು ಪರೀಕ್ಷಿಸುವಾಗ ಪಟ್ಟಿಯನ್ನು ಡಿಸ್ಟಿಲ್ಡ್ ನೀರಿನಲ್ಲಿ ಒದ್ದೆ ಮಾಡಿ ಪಾತ್ರೆಯ ಬಾಯಿಯ ಮೇಲೆ, ಅಂಚಿಗೆ ತಾಗದಂತೆ ಹಿಡಿಯಬೇಕು. ಅಂಗಳದಲ್ಲಿ, ಬಯಲು ಗಾಳಿಯಲ್ಲಿ ಒಂದು ಚಿಟಿಕೆ ಅಮೋನಿಯಂ ಸಲ್ಫೇಟ್ ಗೊಬ್ಬರಕ್ಕೆ ಒಂದು ಚಿಟಿಕೆ ಒದ್ದೆ ಸುಣ್ಣ ಬೆರೆಸಿದರೆ ಮೂಗಿಗೆ ಅಡರುವ ಅಮೋನಿಯ ಏಳುತ್ತದೆ, ಒದ್ದೆಯಾದ ಕೆಂಪು ಪಟ್ಟಿ ಮುಟ್ಟದೆಯೇ ನೀಲಿಯಾಗುತ್ತದೆ. ಗಿಡಕ್ಕೆ ಸೇರಬೇಕಾದ ಸಾರಜನಕ ಹೀಗೆ ಗಾಳಿಗೆ ಹೋಗುವುದರಿಂದಲೇ ಸುಣ್ಣವನ್ನೂ ಅಂಥ ಗೊಬ್ಬರವನ್ನೂ ಒಟ್ಟಿಗೆ ಹಾಕಬಾರದೆನ್ನುವುದು.

ಮಣ್ಣಿನ ವಿಷಯದಲ್ಲಿ ಲಿಟ್ಮಸ್ಸನ್ನು ನೆಚ್ಚಿಕೊಳ್ಳುವುದಕ್ಕೆ ನಾನು ಒಪ್ಪುವುದಿಲ್ಲ. ಮಲೆನಾಡಿನ ಮತ್ತು ಕರಾವಳಿಯ ಜಂಬಿಟ್ಟಿಗೆ ಮಣ್ಣು ಸಾಮಾನ್ಯವಾಗಿ ಆಮ್ಲೀಯ, ಉತ್ತರದ ಎರೆಭೂಮಿ ಕ್ಷಾರದ ಕಡೆಯದು ಎಂಬುದು ಗೊತ್ತಿರುವ ಮಾತೇ. ತೋಟಕ್ಕೆ ಎಷ್ಟು ಸುಣ್ಣ ಹಾಕಬೇಕೆಂಬುದು ಪಿಎಚ್ 5ರಲ್ಲಿ ಒಂದು, 6ರಲ್ಲಿ ಇನ್ನೊಂದು. ಅವೆರಡೂ ಲಿಟ್ಮಸ್ಸಿನ ನಡುವಿನ ವಲಯದಲ್ಲೇ ಬೀಳುತ್ತವೆ. ಅದಕ್ಕೆ ಮಣ್ಣು ಪರೀಕ್ಷಾ ಕೇಂದ್ರವೇ ಸರಿ.

ಪಟ್ಟಿಗಳ ಜೋಪಾನ

ಮಲೆನಾಡಿನ ಮಳೆಗಾಲದಲ್ಲಿ ಹೊರಗಿಟ್ಟ ಲಿಟ್ಮಸ್ ಪುಸ್ತಕ ತಿಂಗಳೊಪ್ಪತ್ತಿನಲ್ಲಿ ತೇವ ಹಿಡಿದು ಅಂಚಿನಿಂದ ಬಣ್ಣಗೆಡುತ್ತದೆ. ಬಿಗಿಯಾದ ಮುಚ್ಚಳವಿರುವ ಎರಡು ಪುಟ್ಟ ಬಾಟಲಿಗಳಲ್ಲಿ ನೀಲಿಯನ್ನೂ ಕೆಂಪನ್ನೂ ಬೇರೆಬೇರೆಯಾಗಿ ತುಂಬಿ, ಬಿಸಿಲು ಬೀಳದ ಕಡೆ ಇಡಬೇಕು. ಗೊಬ್ಬರದ ಕೋಣೆ ಮತ್ತು ದನದ ಕೊಟ್ಟಿಗೆಯ ಪಕ್ಕದ ಗೂಡು ಬೇಡ, ಅಲ್ಲಿನ ಅಮೋನಿಯಕ್ಕೆ ಕೆಂಪು ಪಟ್ಟಿಗಳು ಡಬ್ಬಿಯಲ್ಲೇ ನೀಲಿಯಾಗತೊಡಗುತ್ತವೆ. ಆಸಿಡ್ ಬಾಟಲಿ ಇರುವ ಕಪಾಟು ನೀಲಿ ಪಟ್ಟಿಗಳಿಗೆ ಒಳ್ಳೆಯದಲ್ಲ. ಹಿಂದಿನ ವರ್ಷದ್ದು ಉಳಿದಿದ್ದರೆ ಒಂದು ನೀಲಿಯನ್ನು ನಿಂಬೆರಸಕ್ಕೂ ಒಂದು ಕೆಂಪನ್ನು ಸುಣ್ಣದ ತಿಳಿಗೂ ಒಡ್ಡಿ ನೋಡಿ, ಎರಡೂ ಕೂಡಲೆ ತಿರುಗಿದರೆ ಈ ವರ್ಷಕ್ಕೂ ಬಳಸಬಹುದು. ನಮ್ಮ ಮನೆಯಲ್ಲಿ ಆ ಬಾಟಲಿಗಳು ಈಗ ಎಲೆಯಡಿಕೆಯ ತಟ್ಟೆಯಿಂದ ಬಹು ದೂರದಲ್ಲಿ, ಪುಸ್ತಕದ ಕಪಾಟಿನ ಮೇಲಿನ ಅರೆಯಲ್ಲಿವೆ.